ಜುಟ್ಟಿನ ಕಾಯಿ ಮತ್ತು ನನ್ನ ಮೇಜು

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಇಲ್ಲಿ ಬರುವ ಹಳೆಯ ಕುರ್ಚಿಯ ಕಾಲು ಅರಕಲಗೂಡಿನ ನನ್ನ ತವರಿನ ಹಿತ್ತಿಲಿನಿಂದ ಬಂದದ್ದು ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಅಲ್ಲವೇ ಅಲ್ಲ, ಹಾಸನದ ಹಳೆಯ ಸಾಮಾನಿನ ಅಂಗಡಿಯಲ್ಲಿ ಇಬ್ಬರೂ ಸೇರಿ ಆರಿಸಿದ್ದು ಎನ್ನುತ್ತಾರೆ ನನ್ನ ಗಂಡ. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಆದರೆ ಎರಡೂ ಊರಿನಿಂದ ಚನ್ನರಾಯಪಟ್ಟಣದ ನಮ್ಮ ಮನೆಗೆ ನಾವು ಬಸ್ಸಿನಲ್ಲೇ ಬರುವವರು. ಆ ನೆನಪಿನಿಂದ ಏನೂ ಸಾಬೀತಾಗುವುದಿಲ್ಲ. ಕಾಲು ಎಲ್ಲಿಯದೇ ಆಗಲಿ, ಅದರಿಂದ ಹೆಡ್‌ಫೋನ್ ಸ್ಟ್ಯಾಂಡ್ ಮಾಡಿದವಳು ನಾನು. ಅದರಲ್ಲಿ ಯಾರಿಗೂ ತಕರಾರಿಲ್ಲ.

ನನ್ನದು ಮನೆಯಲ್ಲೇ ಕುಳಿತು ಮಾಡುವ ಕೆಲಸ. ಧ್ವನಿಮುದ್ರಿಸಿದ ಪಾಠಗಳನ್ನು ಕೇಳುತ್ತಾ ಅಕ್ಷರಕ್ಕೆ ಇಳಿಸಬೇಕು. ಅದಕ್ಕೆಂದು ನಡುಮನೆಯ ಕಿಟಕಿ ಪಕ್ಕದ ಮೇಜನ್ನು ನನಗೆ ಬಿಟ್ಟುಕೊಟ್ಟಿದ್ದರು. ಬಿಟ್ಟುಕೊಟ್ಟದ್ದು ಬಾಯಿಮಾತಿನಲ್ಲಿ ಮಾತ್ರ. ಅತ್ತೆಯವರ ಬತ್ತಿ ಹೊಸೆಯುವ ಹತ್ತಿ, ಬಿ.ಪಿ. ಮಾತ್ರೆಯ ಡಬ್ಬಿ, ಹಳೆಯ ಪತ್ರಿಕೆಗಳು, ಹೊಳೆನರಸೀಪುರದ ಶಾಲೆಯಿಂದ ಬಂದೊಡನೆ ನನ್ನ ಗಂಡ ಕುಕ್ಕುವ ಊಟದ ಡಬ್ಬಿ, ಎಲ್ಲಕ್ಕೂ ಅದೇ ಜಾಗ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ನಾನು ಹೆಡ್‌ಫೋನ್ ಹುಡುಕಬೇಕಿತ್ತು. ಒಂದು ಸಲ ಅದು ಹತ್ತಿಯ ರಾಶಿಯ ಕೆಳಗೆ ಸಿಕ್ಕಿತು. ಅವತ್ತೆಲ್ಲ ನನ್ನ ಕಿವಿಯಲ್ಲಿ ಪಾಠದ ಜೊತೆ ನವಿರಾದ ಒಂದು ತುರಿಕೆ.

ಜಗಳ ಆಡಬಹುದಿತ್ತು. ಎಂ.ಎ. ಓದುವಾಗ ಹೆಣ್ಣು ಮತ್ತು ಅವಳ ಸ್ವಂತ ಜಾಗದ ಬಗ್ಗೆ ಉದ್ದುದ್ದ ಪ್ರಬಂಧ ಬರೆದವಳು ನಾನು. ಆದರೆ ಹತ್ತಿಯ ಮುಂದೆ ಆ ಮಾತೊಂದೂ ಬಾಯಿಗೆ ಬರಲಿಲ್ಲ. ಹೆಡ್‌ಫೋನಿಗೆ ಒಂದು ಸ್ಥಾನ ಅಂತ ಆದರೆ ಮೇಜು ಯಾರದ್ದು ಎಂದು ಅದೇ ಹೇಳುತ್ತದೆ ಅಂದುಕೊಂಡೆ. ಜಾಣತನವೋ ಹೇಡಿತನವೋ ಇವತ್ತಿಗೂ ಗೊತ್ತಿಲ್ಲ.

ಮೊದಲು ತಂತಿಯ ಹ್ಯಾಂಗರ್ ಬಗ್ಗಿಸಿ ಮಾಡಿದೆ. ಫ್ಯಾನಿನ ಗಾಳಿಗೇ ಮಗುಚಿತು. ಆಮೇಲೆ ಕುರ್ಚಿಯ ಕಾಲಿನ ಯೋಚನೆ ಬಂತು. ಒಳ್ಳೆಯ ಕಡೆತದ ಕಾಲು, ಬಳೆ ತೊಡಿಸಿದ ಹಾಗೆ ಸುತ್ತಲೂ ಗೆರೆ. ಅಂಚು ಸೀಳುಬಿಟ್ಟು ಮೂಲೆಗೆ ಬಿದ್ದಿದ್ದ ಚಪಾತಿ ಮಣೆಯನ್ನು ಅದಕ್ಕೆ ಪೀಠ ಮಾಡಿದೆ. ಹೆಡ್‌ಫೋನ್ ಕೂರಲು ಮೇಲೆ ತಲೆಯಂಥದ್ದು ಏನಾದರೂ ಬೇಕಿತ್ತು. ತೆಂಗಿನಕಾಯಿ ಸಂತೆ ನಡೆಯುವ ಊರಿನಲ್ಲಿದ್ದುಕೊಂಡು ಇದಕ್ಕೆ ಇಷ್ಟು ಯೋಚಿಸಿದೆನಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ನನಗೆ ಬೇಕಾಗಿದ್ದು ನೀರು ಪೂರ್ತಿ ಇಂಗಿ, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಎನ್ನುವ ಒಣಗಿದ ಕಾಯಿ. ಅದಾದರೆ ಕೊಳೆಯುವುದಿಲ್ಲ. ಸಂತೆಯಲ್ಲಿ ಕಾಯಿ ಮಾರುವ ಹೆಂಗಸು ನಾನು ಒಂದೊಂದನ್ನೇ ಎತ್ತಿ ನನ್ನ ತಲೆಯ ಪಕ್ಕ ಹಿಡಿದು ಅಂದಾಜು ಮಾಡುವುದನ್ನು ನೋಡುತ್ತಲೇ ಇದ್ದಳು.

"ಯಾತುಕ್ಕಕ್ಕಾ ಕಾಯಿ? ದ್ಯಾವ್ರಿಗಾ, ಅಡಿಗ್ಗಾ?"

"ಎರಡಕ್ಕೂ ಅಲ್ಲ. ಹಾಡು ಕೇಳೋಕೆ ಕಿವಿಗೆ ಹಾಕ್ಕೊತಾರಲ್ಲ, ಅದನ್ನ ಇಡೋಕೆ."

"ಕಾಯ್ಗೆ ಕಣ್ಣೈತೆ ಕಣಕ್ಕಾ, ಕಿವಿ ಎಲ್ಲೈತೆ?" ಎಂದು ನಕ್ಕು, ಪಕ್ಕದವಳ ಕಡೆ ತಿರುಗಿದಳು. "ಇಲ್ನೋಡಮ್ಮಿ, ಈಯಕ್ಕ ಕಾಯ್ಗೆ ಪದ ಕೇಳುಸ್ತಾರಂತೆ!" ಅಷ್ಟು ಅಂದವಳು ರಾಶಿಯ ಹಿಂದಿನಿಂದ ಒಂದನ್ನು ತೆಗೆದು ಕೊಟ್ಟಳು. "ತಕಳಿ, ಇದು ದುಂಡ್ಗೈತೆ. ಜುಟ್ಟು ಕೀಳ್ಬ್ಯಾಡಿ, ಅಂಗೇ ಇರ್ಲಿ, ಚೆಂದ."

ಜುಟ್ಟು ಉಳಿಸಿಕೊಂಡದ್ದು ಅವಳ ಮಾತಿಗಲ್ಲ, ಹೆಡ್‌ಫೋನಿನ ಪಟ್ಟಿ ನುಣುಪಾದ ಚಿಪ್ಪಿನ ಮೇಲೆ ಜಾರುತ್ತಿತ್ತು ಎಂಬ ಕಾರಣಕ್ಕೆ ಎಂದು ನನ್ನ ನೆನಪು. ಹಾಗೆ ನೆನಪಿಟ್ಟುಕೊಳ್ಳುವುದು ನನಗೆ ಅನುಕೂಲವೂ ಹೌದು. ಜುಟ್ಟನ್ನು ಬಾಚಿ ಗಿಡ್ಡವಾಗಿ ಕತ್ತರಿಸಿದೆ. ಪಟ್ಟಿ ಅದರ ಮೇಲೆ ದಿಂಬಿಗೆ ಒರಗಿದ ಹಾಗೆ ಕುಳಿತಿತು. ಚಿಪ್ಪಿನ ನಾರನ್ನೆಲ್ಲ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಕೊಬ್ಬರಿ ಎಣ್ಣೆ ಸವರಿದೆ. ಕಾಲಿನ ತುದಿಯನ್ನು ಉಳಿಯಿಂದ ಬಟ್ಟಲಿನಂತೆ ತೋಡುವುದೇ ದೊಡ್ಡ ಕೆಲಸವಾಯಿತು. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಕೊನೆಗೆ ಅಂಟು ಹಚ್ಚಿ ಕೂರಿಸಿ, ಕೈಬಿಟ್ಟು, ಹಿಂದೆ ಸರಿದು ನಿಂತೆ. ಅಲ್ಲಾಡಲಿಲ್ಲ. ಪರೀಕ್ಷೆಯಲ್ಲಿ ಪಾಸಾದಾಗಲೂ ನಾನು ಹಾಗೆ ಒಬ್ಬಳೇ ನಿಂತು ನಕ್ಕದ್ದಿಲ್ಲ.

ಇದೆಲ್ಲ ನಡೆಯುವಾಗ ಅತ್ತೆ ಹಾಸನದಲ್ಲಿ ಮಗಳ ಮನೆಯಲ್ಲಿದ್ದರು. ಅವರು ವಾಪಸು ಬಂದ ಶುಕ್ರವಾರ ನಾನು ಮನೆಯಲ್ಲಿರಲಿಲ್ಲ. ಹೆಡ್‌ಫೋನಿನ ಕಿವಿಯ ಮೆತ್ತೆ ಹರಿದಿತ್ತು, ಹೊಸದು ಹಾಕಿಸಲು ಹೋಗಿದ್ದೆ. ಹೋಗುವ ಮೊದಲು, ಅತ್ತೆ ಬಂದು ನೋಡಲಿ ಎಂದೇ, ಮೇಜನ್ನು ಒರೆಸಿ ಸ್ಟ್ಯಾಂಡನ್ನು ನಡುವೆ ಇಟ್ಟಿದ್ದೆ. ಬೇಕಾದಷ್ಟು ಮಾತ್ರೆ ಮಾತ್ರ ಒಯ್ದು ಅವರು ಬಿಟ್ಟುಹೋಗಿದ್ದ ಹತ್ತಿ, ಡಬ್ಬಿಗಳನ್ನು ಎತ್ತಿ ಬೇರೆಡೆ ಇಡುವ ಧೈರ್ಯವಾಗದೆ ಒಂದು ಬದಿಗೆ ಸರಿಸಿದ್ದೆ, ಅಷ್ಟೆ.

ಬಂದು ನೋಡುತ್ತೇನೆ, ನನ್ನ ಕಾಯಿಗೆ ಅರಿಶಿನ ಕುಂಕುಮ, ಜುಟ್ಟಿಗೆ ಸೇವಂತಿಗೆ, ಚಪಾತಿ ಮಣೆಯ ಮೇಲೆ ಅಕ್ಷತೆ.

"ಏನಮ್ಮಾ, ಕಳಶ ಇಟ್ಟು ಒಂದು ಹೂವೂ ಇಡದೆ ಹೊರಟುಹೋಗಿದೀಯಲ್ಲ?" ಅತ್ತೆ ಅಡುಗೆಮನೆಯಿಂದಲೇ ಕೇಳಿದರು.

"ಅತ್ತೆ, ಅದು ಕಳಶ ಅಲ್ಲ, ಹೆಡ್‌ಫೋನ್ ಇಡೋಕೆ ಮಾಡಿದ್ದು." ಚೀಲದಿಂದ ತೆಗೆದು ತೋರಿಸಿದೆ.

ಅವರು ಹೆಡ್‌ಫೋನ್ ನೋಡಿದರು, ಕಾಯಿ ನೋಡಿದರು. "ಅಯ್ಯೋ, ಪೂಜೆ ಆಗೋಯ್ತಲ್ಲೇ! ಇನ್ನು ನಾಳೆ ಬೆಳಿಗ್ಗೆ ಕದಲಿಸೋವರೆಗೂ ಮುಟ್ಟೋ ಹಾಗಿಲ್ಲ."

ನಮ್ಮಲ್ಲಿ ಪೂಜಿಸಿದ ಕಳಶವನ್ನು ಮಾರನೆಯ ದಿನ ಮಂಗಳಾರತಿ ಮಾಡಿ, ಕೂತಲ್ಲಿಂದ ಒಂದಿಷ್ಟು ಸರಿಸುತ್ತಾರೆ. ಆಗಲೇ ಪೂಜೆ ಮುಗಿದಂತೆ. ಅಲ್ಲಿಯವರೆಗೆ ನನ್ನ ಹೆಡ್‌ಫೋನ್ ಗೋಡೆಯ ಮೊಳೆಯಲ್ಲಿ ಟವೆಲಿನ ಜೊತೆ ತೂಗಿತು. ಸಂಜೆ ನನ್ನ ಗಂಡ ಬಂದು ಅಭ್ಯಾಸಬಲದಿಂದ ಊಟದ ಡಬ್ಬಿ ಮೇಜಿನ ಮೇಲಿಡಲು ಹೋದರು.

"ಲೋ, ಎಂಜಲು ಡಬ್ಬಿ ತಂದು ಅಲ್ಲಿಡ್ತೀಯಾ? ಕಳಶ ಕೂತಿರೋ ಜಾಗ ಕಣೋ ಅದು!"

"ಅಮ್ಮಾ, ಅದು ಹೆಡ್‌ಫೋನ್ ಸ್ಟ್ಯಾಂಡು."

"ಗೊತ್ತು ಸುಮ್ನಿರೋ."

ಮಾರನೆಯ ದಿನ ಅತ್ತೆ ಆರತಿ ಮಾಡಿ, ಎರಡು ಕೈಯಿಂದ ಸ್ಟ್ಯಾಂಡನ್ನು ಕಿಟಕಿಯ ಕಡೆ ತುಸು ಸರಿಸಿದರು. ನನಗೆ ಬೆಳಕು ಸರಿಯಾಗಿ ಬೀಳುವ ಜಾಗವೇ ಅದು. ಆಮೇಲೆ "ಹೂಂ, ಇನ್ನು ಹಾಕ್ಕೋ" ಎಂದರು. ಇವತ್ತಿಗೂ ಸ್ಟ್ಯಾಂಡ್ ಅಲ್ಲೇ ಇದೆ. ಅಂದಿನಿಂದ ಆ ಮೇಜಿನ ಮೇಲೆ ಈ ಮನೆಯಲ್ಲಿ ಯಾರೂ ಏನನ್ನೂ ಇಟ್ಟಿಲ್ಲ. ಬಂದವರಿಗೆಲ್ಲ ಅತ್ತೆ, "ನಮ್ಮ ಸೊಸೆ ಕೈಯಲ್ಲೇ ಮಾಡಿದ್ದು, ಅವಳ ಆಫೀಸು ಇದು" ಎಂದು ಮೇಜನ್ನು ತೋರಿಸುತ್ತಾರೆ. ಹಾಸನದ ನಾದಿನಿಯ ಮಗಳು ಕೇಳಿದಳೆಂದು ಇನ್ನೊಂದು ಮಾಡಿಕೊಟ್ಟೆ. ಕಾಲಿನ ತುದಿಯ ಕುಳಿ ಈ ಸಲ ಮೊದಲಿನದಕ್ಕಿಂತ ನಯವಾಗಿ ಬಂತು. ಈಗ ಮೂರನೆಯದು ನಡೆಯುತ್ತಿದೆ.

ಅದರ ಕಾಯಿಯನ್ನು ಉಜ್ಜುತ್ತಾ ಕುಳಿತಾಗ ಒಂದು ವಿಷಯ ನೆನಪಾಯಿತು, ಅಥವಾ ನೆನಪಾಯಿತು ಎಂದು ನಾನು ಅಂದುಕೊಂಡೆ. ಆ ಶುಕ್ರವಾರ ನಾನು ಬಂದು ನೋಡಿದಾಗ ಕಾಯಿಯ ಮೇಲೆ ಹೂವಿತ್ತು ನಿಜ, ಆದರೆ ಬದಿಗೆ ಸರಿಸಿಟ್ಟಿದ್ದ ಹತ್ತಿಯೂ ಮಾತ್ರೆ ಡಬ್ಬಿಯೂ ಆಗಲೇ ಮೇಜಿನ ಮೇಲೆ ಇರಲಿಲ್ಲ. ಹೊಸ ಜಾಗದಲ್ಲಿ, ಅತ್ತೆಯವರ ಮಂಚದ ಪಕ್ಕದ ಗೂಡಿನಲ್ಲಿ, ಅಚ್ಚುಕಟ್ಟಾಗಿ ಕುಳಿತಿದ್ದವು. ಮದುವೆಯಾಗಿ ಬಂದಂದಿನಿಂದ ಪ್ರತಿ ಹಬ್ಬಕ್ಕೂ ಕಳಶ ಇಟ್ಟವರು ಅವರು. ಚೊಂಬಿಲ್ಲದ, ನೀರಿಲ್ಲದ, ಒಂದು ವೀಳ್ಯದೆಲೆಯೂ ಇಲ್ಲದ ಕಳಶವನ್ನು ಅವರು ಎಲ್ಲಿ ನೋಡಿದ್ದರು?

ಅತ್ತೆ ಪಕ್ಕದಲ್ಲೇ ಕುಳಿತು ಬತ್ತಿ ಹೊಸೆಯುತ್ತಿದ್ದರು. ಕೇಳಿಯೇಬಿಟ್ಟೆ.

"ಅತ್ತೆ, ಅವತ್ತು ನಿಮಗೆ ಅದು ನಿಜವಾಗ್ಲೂ ಕಳಶ ಅಂತಲೇ ಅನ್ನಿಸ್ತಾ?"

ಅವರು ಹತ್ತಿಯ ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದರ ಜುಟ್ಟೂ ಇರಲಿ ಕಣೇ, ಪೂರ್ತಿ ಕತ್ತರಿಸಿಬಿಡಬೇಡ" ಎಂದು ಇನ್ನೊಂದು ಬತ್ತಿ ಶುರು ಮಾಡಿದರು.