ಕಲ್ಲಿನ ಮೇಲೆ ಐದನೆಯ ಹೆಸರು

ನಮ್ಮವರ ಹೆಸರು ಗುರಲಿಂಗಪ್ಪ. ಬರೆಯಲು ನನಗೆ ಅಡ್ಡಿಯಿಲ್ಲ. ಬಾಯಿಬಿಟ್ಟು ಹೇಳು ಎಂದರೆ ಮಾತ್ರ ಇವತ್ತಿಗೂ ನಾಲಿಗೆ ತಡೆಯುತ್ತದೆ. ಗಂಡನ ಹೆಸರು ಹೇಳಬಾರದು ಎಂದು ಕಲಿಸಿದ ವಿಜಯಪುರದ ಕಡೆಯ ಮನೆಯಲ್ಲಿ ಬೆಳೆದವಳು ನಾನು, ನೀಲಾ. ಮಲಾಡಿಗೆ ಬಂದು ಅರ್ಧ ಆಯುಷ್ಯ ಕಳೆದರೂ ಅದು ಹೋಗಿಲ್ಲ. ವಿಮಾ ಕಚೇರಿಯಿಂದ ನಿವೃತ್ತರಾದ ಮೇಲೆ ನಮ್ಮವರು ಒಂದು ಕೆಲಸ ಹಚ್ಚಿಕೊಂಡರು. ಅದು ನನ್ನ ಮನೆಯ ನೆಮ್ಮದಿಯನ್ನು ಇಡೀ ಒಂದು ವರ್ಷ ತಿಂದಿತು.

ನಮ್ಮ ಕನ್ನಡ ಸಂಘದ ಸಭಾಗೃಹದಲ್ಲಿ ಒಂದು ಕಲ್ಲು ನಿಲ್ಲಿಸಬೇಕು, ಇಲ್ಲಿಯ ನಮ್ಮ ಮನೆಗಳಿಂದ ಸೈನ್ಯಕ್ಕೆ ಹೋಗಿ ಯುದ್ಧದಲ್ಲಿ ತೀರಿಕೊಂಡವರ ಹೆಸರುಗಳನ್ನು ಅದರ ಮೇಲೆ ಕೆತ್ತಿಸಬೇಕು. ಸಂಘದ ಸಭೆಯಲ್ಲಿ ಈ ಮಾತು ಎತ್ತಿದವರು ನಮ್ಮವರೇ. ಮಾತು ಎತ್ತಿದವನ ಕೊರಳಿಗೇ ಕೆಲಸ ಕಟ್ಟುವುದು ಎಲ್ಲ ಸಂಘಗಳ ಸಂಪ್ರದಾಯ. ಸಂಘದವರು ಚಪ್ಪಾಳೆ ತಟ್ಟಿ ಚಹಾ ಕುಡಿದು ಮನೆಗೆ ಹೋದರು.

ಹುಡುಕಾಟ ಸುಲಭವಿರಲಿಲ್ಲ. ಹಳೆಯ ಚಾಳುಗಳೆಲ್ಲ ಟವರ್ ಆಗಿವೆ. ಲೋಕಲ್‌ನಲ್ಲಿ ನೇತಾಡಿಕೊಂಡು ಬೊರಿವಲಿಗೆ ಹೋದರೆ ವಾಚ್‌ಮನ್ ಗೇಟಿನಲ್ಲೇ ತಡೆದು ಫ್ಲ್ಯಾಟ್ ನಂಬರ್ ಕೇಳುತ್ತಿದ್ದ. ಅರವತ್ತೆರಡರ ಯುದ್ಧದಲ್ಲಿ ಸತ್ತವನಿಗೆ ಎಲ್ಲಿಯ ಫ್ಲ್ಯಾಟ್ ನಂಬರ್? ಒಬ್ಬ ಮೊಮ್ಮಗ ಫೋನಿನಲ್ಲಿ, “ಅಂಕಲ್, ವೋ ಸಬ್ ದಾದಾಜೀ ಕೋ ಪತಾ ಥಾ” ಎಂದು ಇಟ್ಟುಬಿಟ್ಟ. ಎಲ್ಲ ಗೊತ್ತಿದ್ದ ಆ ಅಜ್ಜನೂ ತೀರಿಹೋಗಿದ್ದರು. ಇನ್ನೊಂದು ಮನೆಯವರು ಪುಣೆಯಲ್ಲಿ ಸ್ಕೂಟರ್‌ನಿಂದ ಬಿದ್ದು ಸತ್ತ ಹವಾಲ್ದಾರನ ಹೆಸರು ಹಾಕಲೇಬೇಕೆಂದು ಹಟ ಹಿಡಿದರು. ಸಂಘದ ಅಧ್ಯಕ್ಷ ಶ್ರೀಶೈಲ ಅವರದು ಬೇರೆಯೇ ರಾಗ. ದೇಣಿಗೆ ಕೊಟ್ಟವರ ಹೆಸರು ಮೇಲೆ ದೊಡ್ಡದಾಗಿ ಬರಲಿ, ಸತ್ತವರದು ಕೆಳಗೆ ಇರಲಿ ಎಂದರು.

“ಸತ್ತವರೇನು ಮುಂದಿನ ವರ್ಷ ಮತ್ತ ದೇಣಿಗಿ ಕೊಡ್ತಾರೇನ್ರಿ, ಗುರಲಿಂಗಪ್ಪನವರ?” ಎಂದು ಕೇಳಿದರಂತೆ.

ನಮ್ಮವರು ಆ ಸಿಟ್ಟನ್ನು ಅಲ್ಲಿ ನುಂಗಿಕೊಂಡು ಬಂದು ಮನೆಯಲ್ಲಿ ಕಾರಿದರು. ಪಲ್ಯಕ್ಕೆ ಉಪ್ಪು ಕಡಿಮೆ ಎಂಬ ನೆಪಕ್ಕೆ ಎರಡು ದಿನ ಮಾತು ಬಿಟ್ಟರು. ನಾನೂ ಬಿಟ್ಟೆ.

ಹೇಗೋ ನಾಲ್ಕು ಹೆಸರು ಗಟ್ಟಿಯಾದವು. ದೇಣಿಗೆಯವರ ಹೆಸರುಗಳೂ ಕಲ್ಲಿನ ಕೆಳಕ್ಕೆ ಇಳಿದವು. ಉಳಿದದ್ದು ಐದನೆಯದು, ಭೀಮರಾಯರದು. ಅದಕ್ಕೆ ಹುಡುಕಾಟ ಬೇಕಿರಲಿಲ್ಲ. ಭೀಮರಾಯರು ನಮ್ಮವರ ಅಕ್ಕ ಮಲ್ಲವ್ವನ ಗಂಡ.

ಎಪ್ಪತ್ತೊಂದರ ಬೇಸಿಗೆಯಲ್ಲಿ ಮದುವೆ. ರಜೆ ಮುಗಿಯುವವರೆಗೆ ಹೊಸ ಅಳಿಯ ಸಾಂತಾಕ್ರೂಜ್‌ನ ಚಾಳಿನಲ್ಲಿ, ಹೆಂಡತಿಯ ತವರಿನ ಒಂದೇ ಕೋಣೆಯ ಖೋಲಿಯಲ್ಲಿ ಇದ್ದರು. ಆಗ ನಮ್ಮವರು ಎಂಟು ವರ್ಷದ ಹುಡುಗ. ದಿನಾ ಸಂಜೆ ಭೀಮರಾಯರು, ನಮ್ಮವರ ಬಾಯಲ್ಲಿ ಮಾವ, ಅವರನ್ನು ಜುಹೂ ದಂಡೆಗೆ ಕರೆದೊಯ್ದು, ಸೊಂಟ ಹಿಡಿದು ತೆರೆಗಳಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದರಂತೆ. ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಭೀಮರಾಯರು ಕಾಣೆಯಾಗಿದ್ದಾರೆ ಎಂದು ತಂತಿ ಬಂತು. ಹೆಣ ಸಿಗಲಿಲ್ಲ. ಸರ್ಕಾರ ಕೆಲವು ವರ್ಷ ಕಾದು, ತೀರಿಕೊಂಡರು ಎಂದೇ ಬರೆದುಕೊಂಡಿತು. ಅಕ್ಕ ಬರೆದುಕೊಳ್ಳಲಿಲ್ಲ.

ಎಪ್ಪತ್ತು ದಾಟಿದರೂ ಹಣೆಗೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ. ಜೋಳದ ರೊಟ್ಟಿ ಮಾಡಿ ಮಾರಿ ಅದೇ ಖೋಲಿಯಲ್ಲಿ ಬದುಕಿದ್ದಾರೆ. ಮಲಾಡಿಗೆ ಬನ್ನಿ ಎಂದು ನಾವು ಎಷ್ಟು ಕರೆದರೂ ಬಂದಿಲ್ಲ. ಹಿರಿಯರಿಗೆ ಎಡೆ ಹಿಡಿಯುವ ದಿನ ಮನೆಯಲ್ಲಿ ಎಲ್ಲರ ಹೆಸರಿನಲ್ಲೂ ಎಡೆ ಇಡುತ್ತೇವೆ, ಭೀಮರಾಯರಿಗೆ ಇಲ್ಲ. ಫೋಟೋಕ್ಕೆ ಮಾಲೆ ಇಲ್ಲ. ಅವರನ್ನು ನೆನೆದು ನಮ್ಮವರ ಕಣ್ಣು ತುಂಬಿದರೆ ಅಕ್ಕ ಎದ್ದು ಹೊರಗೆ ಹೋಗುತ್ತಾರೆ. ಕಲ್ಲಿನ ಹುಚ್ಚು ಹಿಡಿದದ್ದು ಯಾಕೆಂದು ಒಮ್ಮೆ ನಾನು ರೇಗಿದಾಗ ನಮ್ಮವರು ಹೇಳಿದ್ದು ಇಷ್ಟು: “ಮಾವ ಸತ್ತಾನ ಅಂತ ಒಂದ ದಿನ, ಒಂದ ಜಾಗಾದಾಗ ನಿಂತು ಅತ್ತುಬಿಡಬೇಕ ನೀಲಾ. ಐವತ್ತ ವರ್ಷ ಆತು, ಗಂಟಲದಾಗ ಇಟಗೊಂಡೇನಿ.”

ಅದಾದ ಮೇಲೆ ನಾನು ರೇಗುವುದು ಬಿಟ್ಟೆ. ಪ್ರತಿ ರವಿವಾರ ನಾವಿಬ್ಬರೂ ಸಾಂತಾಕ್ರೂಜ್‌ಗೆ ಹೋಗುವುದು, ಅಕ್ಕ ರೊಟ್ಟಿ ಬಡಿಯುತ್ತ ಬೇರೆ ಮಾತು ತೆಗೆಯುವುದು, ನಮ್ಮವರು ಮೋರೆ ಊದಿಸಿಕೊಂಡು ವಾಪಸು ಬರುವುದು. ಕೊನೆಗೊಂದು ರವಿವಾರ ಅವರ ತಾಳ್ಮೆಯ ಕಟ್ಟೆಯೊಡೆಯಿತು.

“ಯಕ್ಕಾ, ಮಾವ ಇಲ್ಲ. ನಿನಗೂ ಗೊತ್ತೈತಿ. ನೀ ಒಬ್ಬಾಕಿ ಒಪ್ಪಲಿಲ್ಲ ಅಂತ ಆತನ ಹೆಸರು ಎಲ್ಲೂ ಉಳಿಯಬಾರದೇನು?”

ಅಕ್ಕ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು. “ಕಲ್ಲಿನ ಮ್ಯಾಲ ಏನ ಬೇಕೋ ಬರಸಕೋ ಗುರಲಿಂಗ. ನನ್ನ ಕೇಳಬ್ಯಾಡ.”

“ಆ ದಿನ ಬರತೀಯೇನು?”

“ನೀ ಮಾಡಿದ ಕಾರ್ಯಕ್ಕ ನಾ ಬರದ ಇರತೀನೇನು? ಬರತೀನಿ.”

ನಮ್ಮವರಿಗೆ ಅಷ್ಟು ಸಾಕಾಗಿತ್ತು. ಮರುದಿನವೇ ಕೆತ್ತುವವನ ಬಳಿ ಓಡಿದರು. ನನಗೆ ಮಾತ್ರ ಅದು ಒಪ್ಪಿಗೆ ಎನ್ನಿಸಲಿಲ್ಲ. ಹೇಳಿದರೆ ಅಪಶಕುನ ನುಡಿದೆ ಎನ್ನುತ್ತಾರೆ ಎಂದು ಸುಮ್ಮನಿದ್ದೆ.

ಕಾರ್ಯಕ್ರಮದ ದಿನ ಮೈಕ್ ಕೈಕೊಟ್ಟಿತು, ಅತಿಥಿ ತಡವಾಗಿ ಬಂದರು, ಶ್ರೀಶೈಲ ಅವರ ಭಾಷಣ ಮುಗಿಯಲೇ ಇಲ್ಲ. ನಮ್ಮವರು ಹಲ್ಲು ಕಚ್ಚಿ ಕೂತಿದ್ದರು. ಕೊನೆಗೆ ಪರದೆ ಸರಿಸಿದರು. ಕರಿಕಲ್ಲಿನ ಮೇಲೆ ಐದು ಹೆಸರು. ಒಂದೊಂದು ಮನೆಯಿಂದ ಒಬ್ಬೊಬ್ಬರು ಬಂದು ತಮ್ಮವರ ಹೆಸರನ್ನು ಮೈಕಿನಲ್ಲಿ ಹೇಳಬೇಕು, ಆಮೇಲೆ ಎರಡು ನಿಮಿಷ ಮೌನ. ಇದು ಶ್ರೀಶೈಲ ಅವರ ಏರ್ಪಾಡು. ನಾಲ್ಕು ಮನೆಯವರು ಬಂದು ತಗ್ಗಿದ ದನಿಯಲ್ಲಿ ಹೆಸರು ಹೇಳಿ ಇಳಿದರು. ಐದನೆಯ ಸರದಿಗೆ ಅಕ್ಕ ಎದ್ದರು. ಹಸಿರು ಇಳಕಲ್ ಸೀರೆ ಉಟ್ಟಿದ್ದರು, ತಲೆಯ ಮೇಲೆ ಸೆರಗು. ಗಂಡನ ಹೆಸರು ಅವರ ಬಾಯಲ್ಲಿ ಬಂದದ್ದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಹೇಳಲಾಗದೆ ಇಳಿದು ಬರುತ್ತಾರೆ ಎಂದುಕೊಂಡೆ.

ಅಕ್ಕ ಮೈಕ್ ಹಿಡಿದು, ಮದುಮಗಳಂತೆ ಸ್ವಲ್ಪ ತಲೆ ತಗ್ಗಿಸಿ, ರಾಗವಾಗಿ ಹೇಳಿದರು:

“ಸಾಂತಾಕ್ರೂಜ್ ಸ್ಟೇಶನ್ನಿಗೆ ಲೋಕಲ್ ಬರತಾವ ಸಾಲಸಾಲ,
ಭೀಮರಾಯರ ಹೆಸರು ಹೇಳತೀನಿ, ನನ್ನ ಕುಂಕುಮ ಇರಲಿ ನೂರುಕಾಲ.”

ಹುಡುಗರು ಕವಿತೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ನಮ್ಮ ಕಡೆಯ ಹೆಂಗಸರು ಮಾತ್ರ ಕಲ್ಲಾದೆವು. ಅದು ಒಡಪು. ಮದುವೆಯಲ್ಲಿ, ಬಸುರಿಗೆ ಮಾಡುವ ಕುಬಸದಲ್ಲಿ ಎಲ್ಲರೂ ಒತ್ತಾಯ ಮಾಡಿದಾಗ ಮುತ್ತೈದೆ ತನ್ನ ಗಂಡನ ಹೆಸರನ್ನು ಹೀಗೆ ಹಾಡಿಗೆ ಸೇರಿಸಿ ಹೇಳುತ್ತಾಳೆ. ಹೆಸರು ಬಾಯಿಗೆ ಬರಲು ಅದೊಂದೇ ದಾರಿ. ಗಂಡ ಸತ್ತವಳು ಒಡಪು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಸತ್ತವರ ಕಲ್ಲಿನ ಮುಂದೆ, ಊರೆಲ್ಲ ಕೇಳುವಂತೆ, ಅಕ್ಕ ತನ್ನ ಗಂಡ ಬದುಕಿದ್ದಾನೆ ಎಂದು ಹೇಳಿ ಕೆಳಗಿಳಿದು ಬಂದು ನನ್ನ ಪಕ್ಕ ಕೂತರು.

ನನಗೆ ಅವರ ಮೇಲೆ ಸಿಟ್ಟು ಬಂತು. ವರ್ಷವಿಡೀ ನಮ್ಮವರು ಸವೆಸಿದ ಚಪ್ಪಲಿ, ನುಂಗಿದ ಮಾತು, ಒಂದು ದಿನ ಅತ್ತು ಹಗುರಾಗಬೇಕು ಎಂದು ಕಾದದ್ದು, ಎಲ್ಲವನ್ನೂ ಎರಡು ಸಾಲಿನಲ್ಲಿ ಒರೆಸಿ ಹಾಕಿದ್ದರು. ಹೆಸರಂತೂ ಕೆತ್ತಿ ಆಗಿದೆ, ಅಳಲು ಇವರ ಅಪ್ಪಣೆ ಯಾಕೆ ಬೇಕು, ಅತ್ತುಬಿಡಲಿ ಎಂದು ಮನಸ್ಸಿನಲ್ಲೇ ನಮ್ಮವರಿಗೆ ಹೇಳುತ್ತಿದ್ದೆ.

ಮೌನಕ್ಕೆ ಎಲ್ಲರನ್ನೂ ಎಬ್ಬಿಸುವ ಕೆಲಸ ನಮ್ಮವರದು. ಮೈಕಿನ ಮುಂದೆ ನಿಂತು ಬಹಳ ಹೊತ್ತು ಅಕ್ಕನ ಕಡೆ ನೋಡಿದರು. ಆಮೇಲೆ ಹೇಳಿದರು:

“ಈ ನಾಲ್ಕು ಮಂದಿ ವೀರರಿಗಾಗಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸೋಣ.”

“ಐದು, ಐದು,” ಎಂದು ಶ್ರೀಶೈಲ ಹಿಂದಿನಿಂದ ಪಿಸುಗುಟ್ಟಿದರು.

“ನಾಲ್ಕು,” ಎಂದರು ನಮ್ಮವರು ಮೈಕಿನಲ್ಲೇ.

ಎಲ್ಲರೂ ನಿಂತರು. ಅಕ್ಕನೂ ಎದ್ದು, ಬೇರೆ ಮನೆಗಳ ಆ ನಾಲ್ವರಿಗಾಗಿ ಕಣ್ಣು ಮುಚ್ಚಿ ಕೈಮುಗಿದು ನಿಂತರು. ನಮ್ಮವರು ನೆಟ್ಟಗೆ ನಿಂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ. ಭೀಮರಾಯರನ್ನು ಕಣ್ಣಿಂದಲೂ ನೋಡದ ನಾನು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದೆ. ಅಕ್ಕ ಕಣ್ಣು ತೆರೆದು ನೋಡಿಯಾರೆಂದು ಮುಖ ಆ ಕಡೆ ತಿರುಗಿಸಿಕೊಂಡೆ.