ಫೋನು ಬಂದರೆ ಇಸ್ತ್ರಿ ಎತ್ತುವವನು

ನಮ್ಮ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಾರೆ. ಅವನು ಪ್ಯಾಂಟಿಗೆ ಎಳೆದ ಗೆರೆ ಮೂರು ದಿನ ತೊಟ್ಟರೂ ಅಳಿಯದು. ದುಡಿಯಲೆಂದು ಪರದೇಶದಿಂದ ಬಂದವನು. ಆರು ವರ್ಷ ಹೆಂಡತಿ, ಮಗಳು ಅಲ್ಲಿ, ಇವನು ಇಲ್ಲಿ.

ಕುಟುಂಬವನ್ನು ಕರೆಸಿಕೊಳ್ಳಲು ವೀಸಾ ಬೇಕು. ಅದಕ್ಕೆ ಸಂಬಳ ಇಂತಿಷ್ಟಕ್ಕೆ ಕಡಿಮೆ ಇರಬಾರದೆಂದು ನಿಯಮ. ಯಜಮಾನರು ಸಂಬಳ ಏರಿಸಿದ ಮೇಲೆ ಅವನು ಆ ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದ. ಅರ್ಜಿ ತುಂಬಿಕೊಟ್ಟವನು ನಾನೇ. ಮುಂದಿನ ತಿಂಗಳು ಮಗಳಿಗೆ ಹದಿನೆಂಟು ತುಂಬುತ್ತಿತ್ತು. ಆಮೇಲೆ ಅವಳು ತಂದೆಯ ಹೆಸರಿನಲ್ಲಿ ಬರುವಂತಿರಲಿಲ್ಲ. ಅವಳ ಪಾಲಿಗೆ ಇದೇ ಕೊನೆಯ ಅರ್ಜಿ.

“ವೀಸಾ ಕಚೇರಿಯವರು ಯಜಮಾನರಿಗೆ ಫೋನು ಮಾಡಿ ಸಂಬಳ ವಿಚಾರಿಸ್ತಾರೆ” ಎಂದೆ.

“ಫೋನಲ್ಲೇ ಕೇಳ್ತಾರಾ ಮೇಷ್ಟ್ರೇ? ಕೆಟ್ಟೆ!”

ಯಜಮಾನರು ಬಂಗಾರದಂಥ ಮನುಷ್ಯ. ಆದರೆ ಫೋನು ಕಿವಿಗಿಟ್ಟರೆ ಸಾಕು, ಬಡತನದ ರಾಗ ಶುರು. ಚಂದಾ ಕೇಳುವವರನ್ನು ಸಾಗಹಾಕಲು ಕಲಿತ ವಿದ್ಯೆ, ಚಟವಾಗಿ ಅಂಟಿಕೊಂಡಿತ್ತು.

“ನಾನೇನು ಹುಚ್ಚನೇನೋ? ನಿನ್ನ ವಿಷಯದಲ್ಲಿ ಹಾಗಂತೀನಾ?” ಎಂದು ಅವರು ಮಾತು ಕೊಟ್ಟರು.

ಆದರೂ ಫೋನು ಬಡಿದುಕೊಂಡಾಗಲೆಲ್ಲ ಗೆರೆಯಣ್ಣ ಯಜಮಾನರ ಬಾಯನ್ನೇ ನೋಡುತ್ತಿದ್ದ. ಊಟಕ್ಕೂ ಹೊರಗೆ ಹೋಗದೆ, ಇಸ್ತ್ರಿ ಮೇಜಿನ ಬಳಿಯೇ ನಿಂತು ಎರಡು ತುತ್ತು ನುಂಗುತ್ತಿದ್ದ. ಮಗಳಿಗೆಂದು ಕೊಂಡ ಮಡಿಸುವ ಮಂಚ ಅವನ ಬಾಡಿಗೆ ಕೋಣೆಯಲ್ಲಿ ಗೋಡೆಗೊರಗಿಯೇ ಇತ್ತು. ಬಿಡಿಸಿ ಹಾಕಲು ಅವನಿಗೆ ಧೈರ್ಯವಿಲ್ಲ.

ಅರ್ಜಿ ಕೊಟ್ಟ ಹನ್ನೊಂದನೆಯ ದಿನ ನಾನು ಅಂಗಿ ತರಲು ಹೋಗಿದ್ದೆ. ಗಿರಾಕಿಗಳ ನೂಕುನುಗ್ಗಲು. ಯಜಮಾನರು ಯಾರದೋ ಚೀಟಿ ಹುಡುಕುತ್ತಲೇ ಫೋನು ಎತ್ತಿದರು.

“ಸಂಬಳಾನಾ? ಎಲ್ಲಿಂದ ಕೊಡ್ಲಿ ಸ್ವಾಮಿ, ಅಂಗಡಿ ಬಾಗಿಲು ಹಾಕೋ ಸ್ಥಿತಿ...”

ಸುಟ್ಟ ವಾಸನೆ ಬಂತು. ಗೆರೆಯಣ್ಣನ ಕೈ ಇಸ್ತ್ರಿಯ ಮೇಲೆ ಕಲ್ಲಾಗಿತ್ತು; ಅದರ ಕೆಳಗೆ ನನ್ನ ಬಿಳಿ ಅಂಗಿ ಹೊಗೆಯಾಡುತ್ತಿತ್ತು. ಯಜಮಾನರು ಅವನ ಮುಖ ನೋಡಿದರು.

“ಅಯ್ಯೋ, ಅಲ್ಲ ಅಲ್ಲ! ಕೊಡ್ತೀನಿ, ಪೂರ್ತಿ ಕೊಡ್ತೀನಿ!”

ಅತ್ತ ಕಡೆಯವರು ಫೋನು ಇಟ್ಟಾಗಿತ್ತು.

ಮರುದಿನ ಯಜಮಾನರು ಅಂಗಡಿಗೆ ಬೀಗ ಜಡಿದು, ಸಂಬಳದ ಪುಸ್ತಕವನ್ನು ಕಂಕುಳಲ್ಲಿ ಅವುಚಿಕೊಂಡು ನಮ್ಮಿಬ್ಬರ ಜೊತೆ ಕಚೇರಿಗೆ ಬಂದರು.

“ನಿನ್ನೆ ಹೇಳಿದ್ದು ಸುಳ್ಳೋ, ಇವತ್ತಿನದು ಸುಳ್ಳೋ?” ಎಂದು ಅಲ್ಲಿನ ಅಧಿಕಾರಿಣಿ ಕೇಳಿದರು.

“ನಿನ್ನೇದು ತಾಯಿ. ಫೋನಲ್ಲಿ ನನ್ನ ಹೆಂಡ್ತಿಗೂ ಹಾಗೇ ಹೇಳ್ತೀನಿ.”

ಆಕೆ ನಗಲಿಲ್ಲ. ಪುಸ್ತಕವನ್ನೂ ಬ್ಯಾಂಕಿನ ಕಾಗದಗಳನ್ನೂ ಪುಟಪುಟವಾಗಿ ತಾಳೆ ಹಾಕಿದರು.

“ತಿಳಿಸ್ತೀವಿ, ಹೋಗಿ.”

ಮುಂದಿನ ಒಂಬತ್ತು ದಿನಗಳನ್ನು ಅವನು ಹೇಗೆ ಕಳೆದನೋ, ಅವನಿಗೇ ಗೊತ್ತು. ಯಜಮಾನರಂತೂ ಫೋನಿನ ಹತ್ತಿರ ಸುಳಿಯಲಿಲ್ಲ. ಹತ್ತನೆಯ ದಿನ ಕಾಗದ ಬಂತು.

ಈಗಲೂ ಫೋನು ಬಡಿದುಕೊಂಡರೆ ಗೆರೆಯಣ್ಣ ಥಟ್ಟನೆ ಇಸ್ತ್ರಿಯನ್ನು ಮೇಲೆತ್ತಿ ನಿಂತುಬಿಡುತ್ತಾನೆ.

“ಅಪ್ಪ ಯಾಕಮ್ಮ ಫೋನಿಗೆ ಸಲಾಮು ಹೊಡೀತಾರೆ?” ಎಂದು ಬಟ್ಟೆ ಮಡಿಸುತ್ತಿರುವ ಮಗಳು ತಾಯಿಯನ್ನು ಕೇಳುತ್ತಾಳೆ.

“ಗಿರಾಕಿ ಕಣಯ್ಯಾ” ಎಂದು ಯಜಮಾನರು ಹೇಳುವವರೆಗೂ ಅವನು ಇಸ್ತ್ರಿಯನ್ನು ಇಳಿಸುವುದಿಲ್ಲ.