ಮೊಮ್ಮಗಳಿಗೆ ಕರಿ ಗೌನು ತೊಡಿಸಿ ಬಂದೆ

ನನ್ನ ಮೊಮ್ಮಗಳು ನಳಿನಿ ಸುಪ್ರೀಂ ಕೋರ್ಟಿನ ಜಡ್ಜಾದಳು. ಇದನ್ನು ಮೊದಲೇ ಬರೆದುಬಿಟ್ಟೆ. ಹೊಟ್ಟೆಯಲ್ಲಿಟ್ಟುಕೊಂಡು ದಾರಿಯ ಕಥೆ ಹೇಳುವಷ್ಟು ತಾಳ್ಮೆ ನನಗಿಲ್ಲ. ಅಮೆರಿಕದಲ್ಲಿ ರಾಜ್ಯಕ್ಕೊಂದು ಸುಪ್ರೀಂ ಕೋರ್ಟು. ಇವಳದು ಸೌತ್ ಕ್ಯಾರೊಲಿನಾದ್ದು. ಅಲ್ಲಿ ಶಾಸಕರೇ ಓಟು ಹಾಕಿ ಜಡ್ಜರನ್ನು ಆರಿಸುತ್ತಾರೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೈಸೂರಿನ ಕೋರ್ಟಿನಲ್ಲಿ ಮೂವತ್ತೆಂಟು ವರ್ಷ ದಫೇದಾರನಾಗಿದ್ದೆ. ಬೆಳಿಗ್ಗೆ ಸಾಹೇಬರಿಗೆ ಗೌನು ತೊಡಿಸುವುದು, ಅವರ ಮುಂದೆ ನಡೆದು ಹಾಲಿಗೆ ಕರೆತರುವುದು, ಆಮೇಲೆ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಮೂರು ಸಲ ಕೂಗುವುದು ನನ್ನ ಕೆಲಸ.

ಮರುದಿನ ಅವಳ ಪ್ರಮಾಣವಚನ ಎಂದು ಏಪ್ರಿಲ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಏಳಕ್ಕೆ ಸೆಂಟರ್‌ವಿಲ್‌ನ ನನ್ನ ಮಗಳು ಸರೋಜಳ ಮನೆಯಿಂದ ಹೊರಟೆವು. ಅಳಿಯ ಗೋಪಾಲ್ ಡ್ರೈವ್ ಮಾಡಿದರು. ನಳಿನಿ ಇರುವ ಫೋರ್ಟ್ ಮಿಲ್‌ಗೆ ನಾನೂರು ಮೈಲಿ. ರಿಚ್ಮಂಡ್ ದಾಟಿದ ಮೇಲೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಬಿಸಿಲಿತ್ತು, ಗಾಳಿ ಮಾತ್ರ ಕೊರೆಯುತ್ತಿತ್ತು.

ಸರೋಜ ತಟ್ಟೆಗೆ ಹಾಕುತ್ತ ಮೆಲ್ಲಗೆ ಅಂದಳು: "ಅಪ್ಪಾ, ಒಂದ್ಮಾತು. ನಾಳೆ ಯಾರಾದ್ರೂ ಕೇಳಿದ್ರೆ ಕೋರ್ಟಲ್ಲಿದ್ದೆ ಅಂದ್ಬಿಡಿ. ಅಷ್ಟು ಸಾಕು."

"ಆಯ್ತಮ್ಮ. ಸುಳ್ಳಂತೂ ಅಲ್ವಲ್ಲ," ಎಂದೆ.

ನನಗೆ ಬೇಜಾರಾಗಲಿಲ್ಲ ಎಂದರೆ ಅದು ಸುಳ್ಳು. ಆದರೆ ಅವಳ ನೋವು ನನಗೆ ಗೊತ್ತು. ಸ್ಕೂಲಿನಲ್ಲಿ ಹುಡುಗಿಯರು "ಸರೋಜಾ, ಸರೋಜಾ, ಸರೋಜಾ" ಎಂದು ನನ್ನ ಹಾಗೆಯೇ ರಾಗವೆಳೆದು ಕೂಗಿ ಆಡಿಕೊಳ್ಳುತ್ತಿದ್ದರು. ಮನೆಗೆ ಬಂದು ಅವಳು ಊಟ ಬಿಡುತ್ತಿದ್ದಳು. ಆ ಮುಳ್ಳು ಅಲ್ಲೇ ಉಳಿದಿತ್ತು.

ತೆಂಕಲಿಗೆ ಹೋದ ಹಾಗೆ ಮರಗಳ ಪರಾಗ ಉದುರಿ ಕಾರುಗಳೆಲ್ಲ ಅರಿಶಿನ ಬಳಿದುಕೊಂಡ ಹಾಗಿದ್ದವು. ಷಾರ್ಲೆಟ್‌ನಲ್ಲಿ ಟ್ರಾಫಿಕ್‌ಗೆ ಸಿಕ್ಕಿಕೊಂಡು ಫೋರ್ಟ್ ಮಿಲ್ ಸೇರಿದಾಗ ಮೂರೂವರೆ. ನಳಿನಿ ಬರಿಗಾಲಲ್ಲೇ ಓಡಿಬಂದು ಕಾರಿನ ಬಾಗಿಲು ತೆಗೆದಳು. ಹನ್ನೊಂದು ವರ್ಷ ವಕೀಲರಿಗೆ ಫೀಸು ಕೊಡಲಾಗದವರ ಪರ ವಾದ ಮಾಡಿದವಳು, ಆಮೇಲೆ ಕೌಟುಂಬಿಕ ನ್ಯಾಯಾಲಯದಲ್ಲಿ ಗಂಡ ಹೆಂಡಿರ ಜಗಳ ಕೇಳಿ ಕೇಳಿ ತಲೆ ನೆರೆಸಿಕೊಂಡವಳು. ನನಗೆ ಇನ್ನೂ ಎರಡು ಜಡೆಯ ಹುಡುಗಿಯೇ.

ಕಾಫಿ ಕುಡಿಯುವಾಗ ಹೇಳಿದಳು: "ತಾತ, ನಾಳೆ ಪ್ರಮಾಣ ಆದ್ಮೇಲೆ ಫ್ಯಾಮಿಲಿಯವರು ನಂಗೆ ರೋಬ್ ಹಾಕ್ತಾರೆ, ಅದೇ ಗೌನು. ಎಲ್ಲಾರ ಮುಂದೆ. ನೀನು ಹಾಕ್ಬೇಕು."

ಸರೋಜಳ ಲೋಟ ಅಲ್ಲೇ ನಿಂತಿತು. "ತಾತಂಗೆ ಎಂಬತ್ತಾರು ಕಣೇ. ಕೈ ನಡುಗತ್ತೆ. ನಿಮ್ಮಪ್ಪ ಹಾಕ್ತಾರೆ ಬಿಡು."

"ಅಮ್ಮಾ, ಈ ಮನೇಲಿ ಎಕ್ಸ್‌ಪೀರಿಯನ್ಸ್ ಇರೋದು ತಾತಂಗೆ ಮಾತ್ರ," ಎಂದಳು ನಳಿನಿ. ಅಳಿಯ ನಕ್ಕರು. ಸರೋಜ ನಗಲಿಲ್ಲ.

ಶುಕ್ರವಾರ ಕೊಲಂಬಿಯಾಕ್ಕೆ ಎಪ್ಪತ್ತೈದು ಮೈಲಿ. ಕೋರ್ಟಿನ ಹಾಲು ತುಂಬಿತ್ತು. ಜಡ್ಜರು ಬಂದಾಗ ಎಲ್ಲರೂ ಎದ್ದರು, ಅವರು ಕುಳಿತ ಮೇಲೆ ಎಲ್ಲರೂ ಕುಳಿತರು. ನಾನೊಬ್ಬ ಕೈಕಟ್ಟಿಕೊಂಡು ನಿಂತೇ ಇದ್ದೆ. ಸರೋಜ ಕೋಟು ಹಿಡಿದೆಳೆದು, "ಕೂತ್ಕೊಳ್ಳಿ ಅಪ್ಪಾ," ಎಂದಳು.

"ಸಾಹೇಬರಿದಾರಲ್ಲಮ್ಮ," ಎಂದೆ. ಮೂವತ್ತೆಂಟು ವರ್ಷದಲ್ಲಿ ಕೋರ್ಟ್ ಹಾಲಿನೊಳಗೆ ನಾನು ಒಮ್ಮೆಯೂ ಕುಳಿತವನಲ್ಲ.

ನಳಿನಿ ಪ್ರಮಾಣ ಮಾಡಿ ನನ್ನ ಕಡೆ ಕೈಚಾಚಿದಳು. ಗೌನು ಕೈಗೆ ಬಂದದ್ದೇ ತಡ, ನಡುಕ ಎಲ್ಲಿ ಹೋಯಿತೋ. ಒಮ್ಮೆ ಒದರಿದೆ, ಎಡ ತೋಳು, ಬಲ ತೋಳು, ಕಾಲರು ಸರಿಮಾಡಿ ಹೆಗಲ ಮೇಲೆ ಎರಡು ಸಲ ಸವರಿದೆ. ಆಮೇಲೆ ಅಭ್ಯಾಸಬಲ. ಜಡ್ಜರಿಗೆ ಬೆನ್ನು ತೋರಿಸಬಾರದೆಂದು ಹಿಂದಕ್ಕೆ ಹಿಂದಕ್ಕೆ ನಡೆದೆ. ಅಲ್ಲೊಂದು ಮೆಟ್ಟಿಲಿತ್ತು. ಎಡವುವಷ್ಟರಲ್ಲಿ ನಳಿನಿ ಗೌನು ಹಾರಿಸಿಕೊಂಡು ಬಂದು ನನ್ನ ಕೈ ಹಿಡಿದಳು. ನನ್ನನ್ನು ಕುರ್ಚಿಯ ತನಕ ಕರೆತಂದು ಕೂರಿಸಿಯೇ ಹೋದಳು. ಜಡ್ಜೇ ಕೂರಿಸಿದ ಮೇಲೆ ನಾನು ಏಳುವುದು ಹೇಗೆ?

ಹೊರಗೆ ಬಂದಾಗ ಬೆಳ್ಳಿಕೂದಲಿನ ಒಬ್ಬ ಹಿರಿಯ ಜಡ್ಜಮ್ಮ ಸರೋಜಳನ್ನು ಏನೋ ಕೇಳಿದರು. ಗೋಪಾಲ್ ನನ್ನ ಕಿವಿಯಲ್ಲಿ, "ಮಾವ, ನೀವೂ ಜಡ್ಜಾಗಿದ್ರಾ ಅಂತ ಕೇಳ್ತಿದಾರೆ," ಎಂದರು. ಸರೋಜ ನನ್ನತ್ತ ನೋಡಿದಳು. ನಾನು ನೆಲ ನೋಡಿದೆ. ಅವಳು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೇನೋ ಹೇಳಿದಳು, ಗಾಳಿಯಲ್ಲಿ ತೋಳು ತೊಡಿಸಿ ತೋರಿಸಿದಳು. ಆ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಏನಂದೆಯಮ್ಮ?" ಎಂದೆ.

"ಇದ್ದದ್ದು ಹೇಳ್ದೆ ಅಪ್ಪಾ. ದಫೇದಾರ್ರು ಅಂದೆ."

ಸಂಜೆ ಆರಕ್ಕೆ ಫೋರ್ಟ್ ಮಿಲ್‌ಗೆ ವಾಪಸು. ಬಿಸಿಬೇಳೆಬಾತು, ಹಪ್ಪಳ, ಸರೋಜ ಮಾಡಿ ತಂದಿದ್ದ ಕಾಯಿಹೋಳಿಗೆ. ಎಲ್ಲರೂ ಮೇಜಿಗೆ ಬಂದರು, ನಳಿನಿ ಮಾತ್ರ ಮಹಡಿಯ ಮೇಲೆ ಫೋನಿನಲ್ಲಿದ್ದಳು. ಗೋಪಾಲ್ ಏಳಲು ಹೋದಾಗ ಸರೋಜ ತಡೆದು ನನ್ನ ಕಡೆ ತಿರುಗಿದಳು.

"ಅಪ್ಪಾ, ನೀವು ಕೂಗಿ. ಕೋರ್ಟಲ್ಲಿ ಕೂಗ್ತಿದ್ರಲ್ಲ, ಹಾಗೆ."

ನಾನು ಮೆಟ್ಟಿಲ ಬುಡದಲ್ಲಿ ನಿಂತು, ಕೊರಳು ಸರಿಮಾಡಿಕೊಂಡು, ರಾಗವೆಳೆದು ಮೂರು ಸಲ ಕೂಗಿದೆ. ಮೂರನೆಯ ಸಲಕ್ಕೆ ಸರೋಜಳೂ ದನಿಗೂಡಿಸಿದಳು.

"ಹಾಜರ್, ತಾತ," ಎನ್ನುತ್ತ ನಳಿನಿ ದಡದಡ ಇಳಿದು ಬಂದಳು. ಎಲ್ಲರೂ ಕುಳಿತೆವು. ಸರೋಜ ಮೊದಲ ಹೋಳಿಗೆಯನ್ನು ನನ್ನ ತಟ್ಟೆಗೆ ಹಾಕಿ, ಮೇಲೆ ತುಪ್ಪ ಬಡಿಸಿದಳು.